ಹೊಟ್ಟೆಯ ಬೊಜ್ಜು, ತಲೆಯ ಮರೆವು: ಈ ಗೊಂದಲ ಶುರುವಾದದ್ದು ಹೇಗೆ?

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಮಾತೇ ಇದೆ. ವಯಸ್ಸಾಯ್ತು, ಮರೆವು ಇದ್ದದ್ದೇ ಅಂತ ಬಿಟ್ಟುಬಿಡುತ್ತೇವೆ. ನಲವತ್ತರಲ್ಲಿ ಹೊಟ್ಟೆ ಬಂದರೆ ಅದೂ ಇದ್ದದ್ದೇ. ಇವೆರಡಕ್ಕೂ ನಂಟಿದೆ ಅಂತ ಒಂದು ದಿನ ಪೇಪರಿನಲ್ಲಿ ಬರುತ್ತದೆ. ಇನ್ನೊಂದು ದಿನ ದಪ್ಪಗಿದ್ದವರಿಗೇ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಮರೆವಿನ ಕಾಯಿಲೆ, ಕಡಿಮೆ ಅಂತ ಬರುತ್ತದೆ. ಯಾವುದನ್ನು ನಂಬೋದು?

ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆ ಆಲ್‌ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಅದರ ಬಗ್ಗೆ ಮೊದಲು ಮಾತಾಡಿದ್ದು 1906ರಲ್ಲಿ. ಅಲ್ಲಿಂದ ಹತ್ತಿರ ಹತ್ತಿರ ನೂರು ವರ್ಷ ಕಾರಣವನ್ನು ಹೆಚ್ಚಾಗಿ ತಲೆಯೊಳಗೇ ಹುಡುಕಿದರು.

ಹೊಟ್ಟೆಯ ಕಡೆ ಗಟ್ಟಿಯಾಗಿ ಬೆರಳು ತೋರಿಸಿದ್ದು 2005ರ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾದಲ್ಲಿ ರೇಚೆಲ್ ವಿಟ್ಮರ್ ಮತ್ತು ಜೊತೆಗಾರರು ಹಳೇ ದಾಖಲೆಗಳನ್ನು ತೆಗೆದರು. 1964ರಿಂದ 1973ರ ನಡುವೆ, 40–45ರ ವಯಸ್ಸಿನಲ್ಲಿ ತಪಾಸಣೆ ಮಾಡಿಸಿಕೊಂಡಿದ್ದ 10,276 ಜನರ ದಾಖಲೆ ಅವು. ಆಗ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದ್ದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ ಸರಿಯಾದ ತೂಕ ಇದ್ದವರಿಗಿಂತ 74% ಜಾಸ್ತಿ ಇತ್ತು. ಮೂರು ವರ್ಷ ಬಿಟ್ಟು ಇದೇ ತಂಡ ತೂಕದ ಬದಲು ಹೊಟ್ಟೆಯನ್ನು ನೋಡಿತು. ಬೆನ್ನಿನಿಂದ ಹೊಟ್ಟೆಯ ತುದಿಯವರೆಗೆ ಎಷ್ಟು ದಪ್ಪ ಅಂತ ಅಳೆದಿದ್ದ ಲೆಕ್ಕ ಹಳೇ ದಾಖಲೆಯಲ್ಲಿತ್ತು. ಹೊಟ್ಟೆ ಎಲ್ಲರಿಗಿಂತ ದೊಡ್ಡದಿದ್ದ ಗುಂಪಿಗೆ ಅಪಾಯ ಹೆಚ್ಚುಕಡಿಮೆ ಮೂರು ಪಟ್ಟು. ತೂಕ ಸರಿಯಿದ್ದು ಹೊಟ್ಟೆ ಮಾತ್ರ ಇದ್ದವರಿಗೂ ಅಪಾಯ ಜಾಸ್ತಿಯೇ ಇತ್ತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಮುಖ್ಯವಾದ ಮಾತು ಇದೇ.

ವಿಷಯ ಅಲ್ಲಿಗೇ ನಿಂತಿದ್ದರೆ ಗೊಂದಲ ಇರುತ್ತಿರಲಿಲ್ಲ. 2015ರಲ್ಲಿ ಬ್ರಿಟನ್ನಿನ ಸುಮಾರು 20 ಲಕ್ಷ ಜನರ ವೈದ್ಯಕೀಯ ದಾಖಲೆ ಇಟ್ಟುಕೊಂಡು ಇನ್ನೊಂದು ಅಧ್ಯಯನ ಬಂತು. ತೂಕ ಕಡಿಮೆ ಇದ್ದವರಿಗೆ ಅಪಾಯ 34% ಹೆಚ್ಚು, ತುಂಬಾ ದಪ್ಪ ಇದ್ದವರಿಗೆ 29% ಕಡಿಮೆ ಅಂದಿತು. ಪೂರಾ ಉಲ್ಟಾ! ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು.

ಇದಕ್ಕೆ ಉತ್ತರ ಎಷ್ಟೋ ಮನೆಗಳಲ್ಲಿ ಕಣ್ಣೆದುರೇ ಇದೆ. ನಮ್ಮ ದೊಡ್ಡಮ್ಮನ ಬಳೆ ಮೊಣಕೈವರೆಗೆ ಜಾರತೊಡಗಿತ್ತು, ರವಿಕೆಗೆ ಎರಡು ಸಲ ಹೊಲಿಗೆ ಹಾಕಿಸಿದೆವು. ಶುಗರ್ ಇರಬೇಕು ಅಂದುಕೊಂಡೆವು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಲು ಶುರುಮಾಡಿದ್ದು ಆಮೇಲೆ, ಡಾಕ್ಟರು ಡಿಮೆನ್ಷಿಯಾ ಅಂದಿದ್ದು ಇನ್ನೂ ಎಷ್ಟೋ ದಿನಕ್ಕೆ. ಈ ಕಾಯಿಲೆ ಹೆಸರು ಪಡೆಯುವುದಕ್ಕೆ ಹಲವು ವರ್ಷ ಮೊದಲೇ ಹಸಿವು, ರುಚಿ, ತೂಕವನ್ನು ತಿನ್ನಲು ಶುರುಮಾಡಿರುತ್ತದೆ. ಅಂಥವರನ್ನು ಎಪ್ಪತ್ತರಲ್ಲಿ ತೂಕಕ್ಕೆ ನಿಲ್ಲಿಸಿದರೆ ಸಣ್ಣಗಿರುವವರಿಗೇ ಕಾಯಿಲೆ ಬಂದಂತೆ ಕಾಣುತ್ತದೆ, ಅಲ್ವಾ?

ಆಮೇಲೆ ಸಂಶೋಧಕ ಮೀಕಾ ಕಿವಿಮಾಕಿ ಅವರ ತಂಡ 13 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಂಟು ಬಹುಮಟ್ಟಿಗೆ ಬಿಚ್ಚಿಕೊಂಡಿತು. ಕಾಯಿಲೆ ಬರುವುದಕ್ಕೆ 20 ವರ್ಷ ಮೊದಲು ತೂಕ ಜಾಸ್ತಿ ಇದ್ದದ್ದು ಅಪಾಯ. ಹತ್ತಿರದ ವರ್ಷಗಳಲ್ಲಿ ತೂಕ ಇಳಿದದ್ದು ಕಾಯಿಲೆಯದೇ ಗುರುತು. ಎರಡೂ ನಿಜ, ನೋಡಿದ ವಯಸ್ಸು ಬೇರೆ.

ಹೊಟ್ಟೆಗೂ ಮಿದುಳಿಗೂ ಏನು ದಾರಿ? ಕರುಳಿನ ಸುತ್ತ ಕೂರುವ ಕೊಬ್ಬು ಸುಮ್ನೆ ಕೂರುವುದಿಲ್ಲ, ಉರಿಯೂತ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಬಿಪಿ ಏರುತ್ತದೆ, ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ನಿದ್ದೆ ಕೆಡುತ್ತದೆ, ಮಿದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಒಟ್ಟು ಡಿಮೆನ್ಷಿಯಾದಲ್ಲಿ ಬೊಜ್ಜಿನ ಪಾಲು ಬರೀ 1% ಅಂದಿದೆ. ಆದರೆ ಬಿಪಿ, ಡಯಾಬಿಟೀಸ್, ಕೊಲೆಸ್ಟ್ರಾಲ್ ಬೇರೆ ಬೇರೆ ಸಾಲಿನಲ್ಲಿವೆ. ಇವು ಬೊಜ್ಜಿನ ಬೆನ್ನು ಹತ್ತಿ ಬರುವಂಥವೇ, ಆದ್ದರಿಂದ ಆ ಒಂದನ್ನು ನೋಡಿ ನೆಮ್ಮದಿಯಾಗಿರಬೇಡಿ.

ನಮ್ಮವರ ಮೈ ಇನ್ನೂ ಸೂಕ್ಷ್ಮ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ ತಮ್ಮದೇ ಫೋಟೊವನ್ನು ಲ್ಯಾನ್ಸೆಟ್‌ನಲ್ಲಿ ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿನ ಕೊಬ್ಬು ಮಾತ್ರ ಯಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಇರುವವರು ನಮ್ಮ ಸುತ್ತ ಎಷ್ಟಿಲ್ಲ? ತೂಕದ ಮಷೀನು ಅವರಿಗೆ ಏನೂ ಹೇಳುವುದಿಲ್ಲ, ದರ್ಜಿಯ ಟೇಪು ಹೇಳುತ್ತದೆ. ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ನಲವತ್ತು ದಾಟಿದವರು ಇದನ್ನು ಒಮ್ಮೆ ಅಳೆದು ನೋಡಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಈಗ ತೂಕ ಇಳಿಸುವ ಔಷಧಗಳ ಕಾಲ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ಮಾತ್ರೆ ಆಲ್‌ಝೈಮರ್ ಶುರುವಾದವರಲ್ಲಿ ಕಾಯಿಲೆಯ ವೇಗ ತಗ್ಗಿಸಲಿಲ್ಲ ಅಂತ 2025ರ ನವೆಂಬರಿನಲ್ಲಿ ಗೊತ್ತಾಯಿತು. ಕಾಯಿಲೆ ಬಂದ ಮೇಲೆ ಕೊಟ್ಟದ್ದಕ್ಕೆ ಸಿಕ್ಕ ಉತ್ತರ ಅದು. ನಲವತ್ತೈದರಲ್ಲೇ ಹೊಟ್ಟೆ ಇಳಿಸಿದರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ದಶಕಗಳ ಕಾಲ ಕಾಯುವ ಅಧ್ಯಯನವೇ ಬೇಕು. ಅಂಥದ್ದೊಂದು ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ರಕ್ತ, ನೆನಪು, ಮಿದುಳಿನ ಎಂಆರ್‌ಐ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಾ ಬಂದಿದ್ದಾರೆ.