ಮಗಳಿಗೆ ಬ್ರೈಲ್ ಕಲಿಸಿದ ಟೀಚರಿಗೆ ಶಾಲು ಹೊದೆಸಿದರೆ ಸಾಕಾ?

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಬ್ರೈಲ್ ಓದಲು, ಕೋಲು ಹಿಡಿದು ಒಬ್ಬಳೇ ನಡೆಯಲು ಕಲಿಸಿದ್ದು ಒಬ್ಬರು ಟೀಚರ್. ಊರಲ್ಲಿ ಅವರಿಗೊಂದು ಸನ್ಮಾನ ಮಾಡೋಣ ಅಂತಿದ್ದೇವೆ. ಇಂಥವರಿಗೆ ಸರ್ಕಾರದ ಪ್ರಶಸ್ತಿ ಏನಾದರೂ ಇದೆಯಾ? (ಕಾಪು ಕಡೆಯ ಓದುಗರು)

ಇದೆ. ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ ಅಲ್ವಾ, ಅದರ ಅಂಗವಾಗಿ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪುನರ್ವಸತಿ ವೃತ್ತಿಪರರಿಗೆ, ಅಂದರೆ ವಿಕಲಚೇತನರಿಗೆ ಕಲಿಸುವ, ತರಬೇತಿ ಕೊಡುವ ನಿಮ್ಮ ಟೀಚರಂಥವರಿಗೆ, ಅಂತಲೇ ಒಂದು ವಿಭಾಗ ಇದೆ. ಅರ್ಜಿ ಹಾಕುವುದು ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ. ನಮ್ಮ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ರಾಜ್ಯ ಪ್ರಶಸ್ತಿ ಕೊಡುತ್ತದೆ, ಅದರಲ್ಲಿ ವಿಶೇಷ ಶಿಕ್ಷಕರಿಗೂ ಜಾಗ ಇದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಿ. ಹೆಸರು ಯಾರು ಕಳಿಸಬಹುದು, ಏನೇನು ದಾಖಲೆ ಬೇಕು ಅನ್ನುವುದು ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ.

ಅದಕ್ಕೆ ಮೊದಲು ಟೀಚರ ಬಳಿ ಅವರ ಸಿಆರ್‌ಆರ್ ನಂಬರ್, ಅಂದರೆ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಅವರ ಹೆಸರಿನ ಸಂಖ್ಯೆ, ಕೇಳಿ ಇಟ್ಟುಕೊಳ್ಳಿ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ಓಡಾಟ ಕಲಿಸುವ ತರಬೇತುದಾರರು ಇವರೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. ದೃಷ್ಟಿದೋಷದ ವಿಷಯದಲ್ಲೇ ಡಿ.ಎಡ್, ಬಿ.ಎಡ್ ಓದಿ ಬಂದವರು ಇವರು. ಇಷ್ಟು ಓದಿ ಕಲಿತು ಮಾಡುವ ಕೆಲಸವನ್ನು ನಾವು "ಪುಣ್ಯದ ಕೆಲಸ" ಅಂದು ಕೈಮುಗಿದು ಮುಗಿಸಿಬಿಡುತ್ತೇವೆ. ನನಗೆ ಬೇಜಾರಾಗುವುದು ಇಲ್ಲೇ. ಪುಣ್ಯ ಅಂದ ಕೂಡಲೇ ಅವರ ವಿದ್ಯೆಯನ್ನು ಯಾರೂ ಕೇಳುವುದಿಲ್ಲ, ಸಂಬಳವನ್ನಂತೂ ಕೇಳುವುದೇ ಇಲ್ಲ.

ಹಾಗಾಗಿ ಅರ್ಜಿಯಲ್ಲಾಗಲಿ ಸನ್ಮಾನ ಪತ್ರದಲ್ಲಾಗಲಿ "ನಿಸ್ವಾರ್ಥ ಸೇವೆ, ತ್ಯಾಗಮಯಿ" ಅಂತ ತುಂಬಿಸಬೇಡಿ. ಅವರು ಏನು ಕಲಿಸಿದರು ಅಂತ ಬರೆಯಿರಿ. ಕೋಲಿನ ವಿಷಯವನ್ನೇ ತಗೊಳ್ಳಿ. ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಗಡೆ ನೆಲ ಮುಟ್ಟಬೇಕು, ಬಲಗಾಲು ಇಡುವಾಗ ಎಡಗಡೆ, ಆಗ ಮುಂದಿನ ಹೆಜ್ಜೆ ಬೀಳುವ ಜಾಗ ಹೇಗಿದೆ ಅಂತ ಕಾಲಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಇದು ಮೈಗೂಡಬೇಕಾದರೆ ದಿನಗಟ್ಟಲೆ ಜೊತೆಯಲ್ಲಿ ನಡೆಯಬೇಕು. ಅದೂ ನಮ್ಮ ಕರಾವಳಿಯ ಮಳೆಗಾಲದಲ್ಲಿ! ಜೋರು ಮಳೆ ಬಂದರೆ ಗಾಡಿ ಬರುವ ಸದ್ದು ಮುಚ್ಚಿಹೋಗುತ್ತದೆ, ಒಂದು ಕೈಯಲ್ಲಿ ಕೊಡೆ ಇನ್ನೊಂದರಲ್ಲಿ ಕೋಲು, ಚರಂಡಿ ಮೇಲಿನ ಚಪ್ಪಡಿ ಎಲ್ಲಿ ಬಾಯಿ ತೆರೆದಿದೆಯೋ ನೀರಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಂಥ ದಿನ ನಿಮ್ಮ ಮಗಳು ಸಿಟಿ ಬಸ್ ಹತ್ತಿ ಶಾಲೆಗೆ ಹೋಗಿದ್ದಾಳೆ ಅಂದರೆ, ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ಅನ್ನುವುದನ್ನೂ ಬರೆಯಿರಿ.

ಬ್ರೈಲೂ ಹಾಗೆಯೇ. ಬ್ರೈಲ್ ಸ್ಲೇಟಿನಲ್ಲಿ, ಅಂದರೆ ಸಾಲುಸಾಲು ಕಿಂಡಿಗಳಿರುವ ಪಟ್ಟಿಯಲ್ಲಿ ಕಾಗದ ಸಿಕ್ಕಿಸಿ, ಬಲದಿಂದ ಎಡಕ್ಕೆ ಚುಕ್ಕಿ ಚುಚ್ಚಬೇಕು, ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಕನ್ನಡದ ಒತ್ತಕ್ಷರ ಅಲ್ಲಿ ಕೆಳಗೆ ಬರುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ. ಎರಡೂ ದಿಕ್ಕು ಮಗುವಿನ ತಲೆಯಲ್ಲಿ ಗೊಂದಲ ಆಗದಂತೆ ಕೂರಿಸುವುದು ಸುಮ್ನೆ ಅಲ್ಲ.

ಇನ್ನೂ ಕೆಲವರನ್ನು ನೆನಪಿಡಿ. ಗ್ರಾಮ ಪಂಚಾಯತಿನಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ಮನೆಮನೆಗೆ ಬಂದು ವಿಕಲಚೇತನ ಮಕ್ಕಳಿಗೆ ಕಲಿಸುವ ಬಿಐಇಆರ್‌ಟಿ ಶಿಕ್ಷಕರು. ಮಗುವಿಗೆ ಸ್ವಲ್ಪ ದೃಷ್ಟಿ ಉಳಿದಿದೆ ಅಂತ ಪತ್ತೆ ಮಾಡಿ ಸರಿಯಾದ ಭೂತಗನ್ನಡಿ ಹೊಂದಿಸಿಕೊಟ್ಟವರು. ವೇದಿಕೆಗೆ ಇವರನ್ನು ಕರೆದದ್ದು ನಾನು ನೋಡಿದ್ದು ಬಹಳ ಕಮ್ಮಿ.

ಸನ್ಮಾನ ಖಂಡಿತ ಮಾಡಿ. ಬ್ರೈಲ್ ಕಲಿಸುವವರಲ್ಲಿ ಕಣ್ಣು ಕಾಣದವರೂ ಎಷ್ಟೋ ಮಂದಿ ಇದ್ದಾರೆ. ನಿಮ್ಮ ಟೀಚರೂ ಹಾಗಿದ್ದರೆ ಶಾಲು, ಹಾರ ಹಾಕುವ ಮೊದಲು "ನಾನು ಇಂಥವರು, ಶಾಲು ಹೊದೆಸುತ್ತಿದ್ದೇನೆ" ಅಂತ ಹೇಳಿ. ತೋಳು ಹಿಡಿದು ಎಳೆದುಕೊಂಡು ಹೋಗಬೇಡಿ, ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಸನ್ಮಾನ ಪತ್ರದ ಬ್ರೈಲ್ ಪ್ರತಿಯನ್ನು ನಿಮ್ಮ ಮಗಳೇ ಬರೆಯಬಹುದು.

ಅರ್ಜಿ ಕರೆಯುವುದು ಡಿಸೆಂಬರಿಗಿಂತ ತಿಂಗಳುಗಳ ಮೊದಲೇ, ಕರೆದ ಮೇಲೆ ಸಮಯ ಜಾಸ್ತಿ ಇರುವುದಿಲ್ಲ. ಟೀಚರ್ ಮಗಳಿಗೆ ಏನೇನು ಕಲಿಸಿದರು ಅನ್ನುವುದನ್ನು ಎರಡು ಪುಟದಲ್ಲಿ ಈಗಲೇ ಬರೆದಿಡಿ, ಆ ಟೀಚರ್ ಕಲಿಸಿದ ಬೇರೆ ಮಕ್ಕಳ ಮನೆಯವರಿಂದಲೂ ಒಂದೊಂದು ಪುಟ ಬರೆಸಿಕೊಳ್ಳಿ.