ತರಕಾರಿ ಮಡಿಗೆ ಗೊಬ್ಬರ: ಎಷ್ಟು ಎಂಬುದರ ಜೊತೆಗೆ ಯಾವಾಗ

ತರಕಾರಿ ಬೆಳೆಗಳ ಆಯುಷ್ಯ ಚಿಕ್ಕದು. ಸೊಪ್ಪು ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಎಲೆಕೋಸು, ಟೊಮೆಟೊಗಳಿಗೂ ಮೂರು ನಾಲ್ಕು ತಿಂಗಳು ಸಾಕು. ಈ ಅವಧಿಯಲ್ಲಿ ಗಿಡ ಹೀರುವ ಸಾರಜನಕದ ಬಹುಪಾಲು, ಬೆಳವಣಿಗೆ ಬಿರುಸಾಗುವ ನಡುವಿನ ದಿನಗಳಲ್ಲೇ ಬೇಕಾಗುತ್ತದೆ. ಸುಸ್ಥಿರ ಗೊಬ್ಬರದ ಚರ್ಚೆ ಸಾಮಾನ್ಯವಾಗಿ ರಾಸಾಯನಿಕವೋ ಸಾವಯವವೋ ಎಂಬಲ್ಲಿಗೆ ನಿಂತುಬಿಡುತ್ತದೆ. ಆದರೆ ಕೊಟ್ಟ ಪೋಷಕಾಂಶ ಬೇರಿಗೆ ಬೇಕಾದ ಹೊತ್ತಿಗೆ ಒದಗಿತೇ ಎಂಬ ಪ್ರಶ್ನೆ ಎರಡು ಬಗೆಯ ಗೊಬ್ಬರಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಶೇ. 46ರಷ್ಟು ಸಾರಜನಕವಿರುವ ಯೂರಿಯಾ ಮಣ್ಣಿಗೆ ಬಿದ್ದ ಕೆಲವು ದಿನಗಳಲ್ಲಿ ಅಮೋನಿಯಂ ಆಗಿ, ಮುಂದೆ ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಜೇಡಿಮಣ್ಣಿನ ಕಣಗಳಂತೆ ನೈಟ್ರೇಟ್ ಕೂಡ ಋಣ ವಿದ್ಯುದಂಶವುಳ್ಳದ್ದಾದ್ದರಿಂದ ಮಣ್ಣು ಅದನ್ನು ಹಿಡಿದಿಡಲಾರದು. ಎಳೆಯ ಬೇರು ಹೀರುವ ಮೊದಲೇ ಅದು ನೀರಿನೊಂದಿಗೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿಕೊಟ್ಟ, ಕಾರ್ಲ್ ಬಾಷ್ 1913ರ ವೇಳೆಗೆ ಕಾರ್ಖಾನೆಯ ಮಟ್ಟಕ್ಕೇರಿಸಿದ, ಯೂರಿಯಾಕ್ಕೆ ಮೂಲವಾದ ಅಮೋನಿಯಾದ ತಯಾರಿಕೆ ಇಂದಿಗೂ ಬಹುಮಟ್ಟಿಗೆ ಪಳೆಯುಳಿಕೆ ಇಂಧನವನ್ನೇ ಅವಲಂಬಿಸಿರುವಾಗ, ಈ ಸೋರಿಕೆ ಇಮ್ಮಡಿ ನಷ್ಟ. ಒಂದೇ ಸಲ ಸುರಿಯುವ ಬದಲು ಕಂತುಗಳಲ್ಲಿ ಕೊಡಬೇಕೆನ್ನುವುದು ಇದಕ್ಕಾಗಿಯೇ.

ಸಾವಯವ ಗೊಬ್ಬರದ ತೊಡಕು ಇದಕ್ಕೆ ವಿರುದ್ಧವಾದದ್ದು. ಅದರ ಸಾರಜನಕ ಹೆಚ್ಚಾಗಿ ಪ್ರೋಟೀನಿನಂಥ ದೊಡ್ಡ ಅಣುಗಳಲ್ಲಿ ಸೆರೆಯಾಗಿದ್ದು, ಸೂಕ್ಷ್ಮಜೀವಿಗಳು ಒಡೆದು ಬಿಡಿಸುವ ತನಕ ಗಿಡಕ್ಕೆ ದಕ್ಕುವುದಿಲ್ಲ. ಆ ಜೀವಿಗಳಿಗೂ ಮೈಕಟ್ಟಲು ಸಾರಜನಕ ಬೇಕು. ಗೊಬ್ಬರದಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಸುಮಾರು 25 ಪಾಲಿಗಿಂತ ಕಡಿಮೆಯಿದ್ದರೆ ಅವು ಉಂಡು ಉಳಿದದ್ದು ಬೇರಿಗೆ ಸಿಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಅವು ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಮರದ ಹೊಟ್ಟನ್ನೋ ಒಣಹುಲ್ಲನ್ನೋ ಮಣ್ಣಿಗೆ ಬೆರೆಸಿ ತಕ್ಷಣ ನೆಟ್ಟ ಸಸಿಗಳು ಹಳದಿಗಟ್ಟುವುದು ಇದರಿಂದಲೇ. ಅದೇ ಹುಲ್ಲನ್ನು ಮೇಲೆ ಹೊದಿಕೆಯಾಗಿ ಹಾಸಿದರೆ ತೇವ ಉಳಿಯುತ್ತದೆ, ಬೇರಿನ ವಲಯದ ಸಾರಜನಕಕ್ಕೆ ಅಷ್ಟಾಗಿ ಧಕ್ಕೆಯಾಗುವುದಿಲ್ಲ. ಚೆನ್ನಾಗಿ ಕಳಿತ ಕಾಂಪೋಸ್ಟ್ ಕೂಡ ಮೊದಲ ವರ್ಷ ತನ್ನ ಸಾರಜನಕದ ಸಣ್ಣ ಪಾಲನ್ನಷ್ಟೇ ಬಿಟ್ಟುಕೊಡುತ್ತದೆ. ಆದ್ದರಿಂದ ಅದನ್ನು ಈ ಬೆಳೆಯ ಊಟವೆಂದು ಎಣಿಸದೆ, ಮಣ್ಣಿನ ರಚನೆಗೂ ಮುಂದಿನ ಬೆಳೆಗಳಿಗೂ ಇಡುವ ಬಂಡವಾಳವೆಂದು ಎಣಿಸುವುದು ಮೇಲು.

ಅನೇಕರು ಗಮನಿಸದ ಇನ್ನೊಂದು ಅಂಶ ರಂಜಕದ್ದು. ತರಕಾರಿಗಳಿಗೆ ಬೇಕಾಗುವ ಪ್ರಮಾಣಕ್ಕೆ ಹೋಲಿಸಿದರೆ, ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟ್‌ಗಳಲ್ಲಿ ಸಾರಜನಕದ ಜೊತೆಗಿರುವ ರಂಜಕ ಹೆಚ್ಚು. ಸಾರಜನಕದ ಕೊರತೆ ನೀಗಲೆಂದು ವರ್ಷವರ್ಷವೂ ಇವನ್ನು ದಪ್ಪವಾಗಿ ಹಾಕುತ್ತಾ ಹೋದರೆ ಮಣ್ಣಿನಲ್ಲಿ ರಂಜಕ ಶೇಖರವಾಗಿ, ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರಗಳು ಕುಗ್ಗುತ್ತವೆ. ಕೊಚ್ಚಿಹೋದ ಮಣ್ಣಿನೊಂದಿಗೆ ಕೆರೆ ಸೇರಿದ ರಂಜಕ ಪಾಚಿಯನ್ನು ಬೆಳೆಸುತ್ತದೆ. ಸಾವಯವವಾದ ಮಾತ್ರಕ್ಕೆ ಮಿತಿ ಬೇಡವೆಂಬ ನಂಬಿಕೆ ನನಗೆ ಅಪಾಯಕಾರಿಯಾಗಿ ತೋರುವುದು ಈ ಕಾರಣದಿಂದ.

ಇಲ್ಲಿ ನೆರವಿಗೆ ಬರುವುದು ಅಲಸಂದೆ, ಹೆಸರಿನಂಥ ದ್ವಿದಳ ಧಾನ್ಯದ ಸಸ್ಯಗಳು. ಅವುಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆಂಬುದನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿದರು. ಆದರೆ ಕಾಳು ಬಲಿತ ಮೇಲೆ ಆ ಸಾರಜನಕದ ದೊಡ್ಡ ಪಾಲು ಕಾಳಿನೊಂದಿಗೇ ಹೊಲ ಬಿಟ್ಟು ಹೋಗುತ್ತದೆ. ಹೂಬಿಡುವ ಹೊತ್ತಿಗೆ ಎಳೆಯ ಗಿಡವನ್ನು ಕೊಚ್ಚಿ ಮಣ್ಣಿಗೆ ಸೇರಿಸಿದರೆ ಅದು ಬೇಗ ಕೊಳೆತು, ಒಂದೆರಡು ವಾರ ಬಿಟ್ಟು ನೆಟ್ಟ ತರಕಾರಿಗೆ ಹಸಿವಿನ ವೇಳೆಗೇ ಒದಗುತ್ತದೆ. ಹೊರಗಿನಿಂದ ಹೊಸ ರಂಜಕವನ್ನು ತಾರದೆ ಸಾರಜನಕವನ್ನು ಹೆಚ್ಚಿಸುವ ದಾರಿ ಇದಾಗಿರುವುದರಿಂದ, ಮಣ್ಣು ಪರೀಕ್ಷೆಯಲ್ಲಿ ರಂಜಕ ಅಧಿಕವೆಂದು ಕಂಡುಬಂದ ಮಡಿಗಳಲ್ಲಿ ಕೆಲವು ವರ್ಷ ಕಾಂಪೋಸ್ಟನ್ನು ತಗ್ಗಿಸಿ, ಎರಡು ತರಕಾರಿ ಬೆಳೆಗಳ ನಡುವೆ ಇಂಥ ಹಸಿರೆಲೆ ಗೊಬ್ಬರದ ಬೆಳೆಯನ್ನು ತೆಗೆಯುವುದು ಸರಿಯಾದ ಕ್ರಮ.