ಆಕಾಶ್ ಟ್ಯಾಬ್ಲೆಟ್: ಬೆಲೆಗೆ ಚಪ್ಪಾಳೆ, ಪರದೆಗೆ ಗೊಣಗಾಟ

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವ ಕಪಿಲ್ ಸಿಬಲ್ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಸರ್ಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ. ಸಬ್ಸಿಡಿ ಕಳೆದು ವಿದ್ಯಾರ್ಥಿ ಕೊಡಬೇಕಾದದ್ದು ಸುಮಾರು 1,750. ಅದೇ ವರ್ಷದ ಜನವರಿಯಲ್ಲಿ ಭಾರತಕ್ಕೆ ಬಂದಿದ್ದ ಐಪ್ಯಾಡ್ 27,900 ರೂಪಾಯಿಯಿಂದ ಶುರುವಾಗುತ್ತಿತ್ತು. ಬೆಲೆ ಕೇಳಿದವರು ಬೆರಗಾದರು. ಕೈಗೆತ್ತಿಕೊಂಡು ನೋಡಿದವರಲ್ಲಿ ಹಲವರು ಮೂಗು ಮುರಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಯಂತ್ರ ತಯಾರಿಸಿದ ಮೇಲೆ ಬೆಲೆ ಕಟ್ಟುವುದು ರೂಢಿ. ಇಲ್ಲಿ 35 ಡಾಲರ್ ಎಂದು ಬೆಲೆಯನ್ನು ಮೊದಲೇ ಸಾರಿ, ಅದರೊಳಗೆ ಹಿಡಿಸುವ ಬಿಡಿಭಾಗಗಳನ್ನು ಆಮೇಲೆ ಹುಡುಕಲಾಗಿತ್ತು.

ಹೀಗೆ ಬೆಲೆಯನ್ನು ಮುಂದಿಟ್ಟು ಹೊರಡುವ ಹುಮ್ಮಸ್ಸು ಹಳೆಯದು. 2009ರ ಫೆಬ್ರುವರಿಯಲ್ಲಿ ತಿರುಪತಿಯಲ್ಲಿ ‘500 ರೂಪಾಯಿ ಲ್ಯಾಪ್‌ಟಾಪ್’ ಎಂಬ ಸುದ್ದಿ ಜೋರಾಗಿ ಹಬ್ಬಿತ್ತು. ಕೊನೆಗೆ ಹೊರಬಂದದ್ದು ಪಾಠಗಳನ್ನು ತುಂಬಿಡುವ ಒಂದು ಡಬ್ಬಿ, ಅದಕ್ಕೆ ಪರದೆಯೇ ಇರಲಿಲ್ಲ. 2010ರ ಜುಲೈನಲ್ಲಿ ಸಿಬಲ್ 35 ಡಾಲರ್ ಟ್ಯಾಬ್ಲೆಟ್‌ನ ಮಾದರಿ ತೋರಿಸಿದರು. ತಯಾರಿಕೆಯ ಗುತ್ತಿಗೆ ಡೇಟಾವಿಂಡ್ ಕಂಪನಿಗೆ ಹೋಯಿತು, ಮೇಲ್ವಿಚಾರಣೆ ಐಐಟಿ ರಾಜಸ್ಥಾನದ ಪಾಲಿಗೆ ಬಂತು.

ಇದಕ್ಕೂ ಮುಂಚೆ ಬೆಂಗಳೂರಿನ ಸಿಂಪ್ಯೂಟರ್ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿ ಸೇರಿ 2001ರಲ್ಲಿ ತೋರಿಸಿದ, ಲಿನಕ್ಸ್ ಮೇಲೆ ನಡೆಯುವ ಅಂಗೈ ಕಂಪ್ಯೂಟರ್ ಅದು. ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವುದು, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್‌ಕಾರ್ಡ್ ಹಾಕಿ ಬಳಸುವುದು ಅದರ ಉದ್ದೇಶ. ಸರ್ಕಾರಿ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆ 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅತಿ ಅಗ್ಗದ ಕಪ್ಪು-ಬಿಳುಪು ಮಾದರಿಗೇ ಹತ್ತು ಸಾವಿರದ ಹತ್ತಿರ ಬೆಲೆ. ಹೊಗಳಿಕೆಗೆ ತಕ್ಕ ಮಾರಾಟ ಆಗಲಿಲ್ಲ. ಕೈಯನ್ನು ವಾಲಿಸಿದರೆ ಪುಟ ತಿರುಗುವ ಸಂವೇದಕ ಅದರಲ್ಲಿ ಆಗಲೇ ಇತ್ತು ಎಂಬುದನ್ನು ಈಗ ಯಾರೂ ನೆನೆಸಿಕೊಳ್ಳುವುದಿಲ್ಲ! ಆಕಾಶ್ ಹಿಡಿದದ್ದು ತದ್ವಿರುದ್ಧ ದಾರಿ: ಹೊಸದನ್ನು ಕಟ್ಟುವ ಗೋಜು ಬೇಡ, ಸಿದ್ಧ ಚಿಪ್, ಸಿದ್ಧ ಆಂಡ್ರಾಯ್ಡ್, ಉಳಿದದ್ದೆಲ್ಲ ಉಳಿತಾಯ.

ಆ ಉಳಿತಾಯ ಮೊದಲು ಕಾಣುತ್ತಿದ್ದದ್ದು ಪರದೆಯಲ್ಲಿ. ಐಪ್ಯಾಡ್‌ನ ಗಾಜು ಬೆರಳಿನ ವಿದ್ಯುದಂಶವನ್ನು ಗ್ರಹಿಸುವ ಕೆಪಾಸಿಟಿವ್ ಬಗೆಯದು. ಆಕಾಶ್‌ನದು ರೆಸಿಸ್ಟಿವ್: ನಡುವೆ ಕೂದಲೆಳೆಯಷ್ಟು ಅಂತರವಿರುವ ಎರಡು ಪದರ, ಒತ್ತಿದಾಗ ಅವು ಒಂದಕ್ಕೊಂದು ತಾಗಿ ಜಾಗ ಗೊತ್ತಾಗುತ್ತದೆ. ಸವರಿದರೆ ಸಾಲದು, ಉಗುರಿನಿಂದಲೋ ಕಡ್ಡಿಯಿಂದಲೋ ಒತ್ತಬೇಕು. ಎರಡು ಬೆರಳು ಅಗಲಿಸಿ ಚಿತ್ರ ಹಿಗ್ಗಿಸಲು ಬರುವುದಿಲ್ಲ. ಮೇಲಿನ ಪದರ ಪ್ಲಾಸ್ಟಿಕ್ ಆದ್ದರಿಂದ ಬೇಗ ಗೀರು ಬೀಳುತ್ತದೆ, ಬಿಸಿಲಲ್ಲಿ ಮಂಕಾಗುತ್ತದೆ. ‘ಟಚ್ ಕೆಲಸ ಮಾಡ್ತಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಪಾಲು ಪರದೆ ಕೆಟ್ಟದ್ದರಿಂದ ಬಂದದ್ದಲ್ಲ, ಆ ಪರದೆ ಇದ್ದದ್ದೇ ಹಾಗೆ.

ಎರಡನೆಯದು ಬ್ಯಾಟರಿ. ಆಕಾಶ್‌ನ ಬ್ಯಾಟರಿಯ 2,100 ಎಂಎಎಚ್ ಸಾಮರ್ಥ್ಯವನ್ನು 3.7 ವೋಲ್ಟ್‌ನಿಂದ ಗುಣಿಸಿದರೆ ಸಿಗುವ ಶಕ್ತಿ ಎಂಟು ವ್ಯಾಟ್-ಅವರ್‌ಗೂ ಕಡಿಮೆ. ಐಪ್ಯಾಡ್‌ನಲ್ಲಿ ಇದ್ದದ್ದು 25. ಏಳು ಇಂಚಿನ ಪರದೆಯ ಬೆಳಕು, ವೈಫೈ, ಪ್ರೊಸೆಸರ್ ಎಲ್ಲ ಸೇರಿ ಮೂರು ವ್ಯಾಟ್ ಹೀರಿದರೂ ಎರಡೂವರೆ ಗಂಟೆಗೆ ಕತೆ ಮುಗಿಯಿತು. ಬೆಳಗ್ಗೆ ಮೂರು ಪೀರಿಯಡ್ ಬಳಸಿದರೆ ಮಧ್ಯಾಹ್ನದ ಹೊತ್ತಿಗೆ ಚಾರ್ಜರ್ ಬೇಕು. ಊರಲ್ಲಿ ಕರೆಂಟ್ ಯಾವಾಗ ಇರುತ್ತದೆ ಎಂಬುದು ಬೇರೆ ಪ್ರಶ್ನೆ.

ಮೂರನೆಯದು ನಿಧಾನ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಆಂಡ್ರಾಯ್ಡ್ 2.2 ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವ ಜಾಗದಲ್ಲಿ ಎರಡು ಆ್ಯಪ್ ಒಟ್ಟಿಗೆ ನಿಲ್ಲುವುದೇ ಕಷ್ಟ. ಪಾಠದ ಪುಟದಿಂದ ಕ್ಯಾಲ್ಕ್ಯುಲೇಟರ್‌ಗೆ ಹೋಗಿ ವಾಪಸ್ಸಾಗುವಷ್ಟರಲ್ಲಿ ಪುಟ ಮೊದಲಿನಿಂದ ಲೋಡ್ ಆಗುತ್ತಿತ್ತು. ಗೂಗಲ್‌ನ ಆ್ಯಪ್ ಅಂಗಡಿ ಇರಲಿಲ್ಲ, ಬದಲಿಗೆ ಗೆಟ್‌ಜಾರ್ ಇತ್ತು. ಕ್ಯಾಮೆರಾ ಇರಲಿಲ್ಲ, ಸಿಮ್ ಇರಲಿಲ್ಲ. ಆದರೆ ಎರಡು ದೊಡ್ಡ ಯುಎಸ್‌ಬಿ ಕಿಂಡಿಗಳಿದ್ದವು. ಪೆನ್‌ಡ್ರೈವ್, ಕೀಬೋರ್ಡ್ ನೇರ ಸಿಕ್ಕಿಸಬಹುದಿತ್ತು. ಅದನ್ನು ಗೇಲಿ ಮಾಡುವವರು ಗಮನಿಸಲೇ ಇಲ್ಲ.

ಕನ್ನಡದವರಿಗೆ ಇನ್ನೊಂದು ತೊಡಕು ಇತ್ತು, ಇಂಗ್ಲಿಷ್ ವಿಮರ್ಶೆಗಳಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ಆಂಡ್ರಾಯ್ಡ್ 2.2ರಲ್ಲಿ ಕನ್ನಡ ಫಾಂಟ್ ಇಲ್ಲ, ಕನ್ನಡದ ಪುಟ ತೆರೆದರೆ ಬರೀ ಚೌಕಗಳು. ಹೇಗೋ ಫಾಂಟ್ ತುರುಕಿದರೂ ಸಾಲದು, ಅಕ್ಷರ ಕೂಡಿಸುವ ಎಂಜಿನ್ ಬೇಕು. ‘ವಿದ್ಯಾರ್ಥಿ’ ಎಂಬ ಪದವನ್ನೇ ನೋಡಿ: ದಕಾರದ ಕೆಳಗೆ ಯ ಒತ್ತು ಇಳಿಯಬೇಕು, ಮೊದಲು ಉಚ್ಚರಿಸುವ ರಕಾರ ಅರ್ಕಾವತ್ತಾಗಿ ‘ಥಿ’ಯ ಬಲಕ್ಕೆ ಜಿಗಿಯಬೇಕು. ಎಂಜಿನ್ ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಆಗ ಮೊಬೈಲ್‌ನಲ್ಲಿ ಕನ್ನಡ ಓದುವವರ ಉಪಾಯ ಒಪೆರಾ ಮಿನಿ: ವಿಳಾಸದ ಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಗೆ ‘ಯೆಸ್’ ಕೊಡುವುದು. ಆಗ ಅಕ್ಷರಗಳು ದೂರದ ಸರ್ವರ್‌ನಲ್ಲೇ ಚಿತ್ರವಾಗಿ ತಯಾರಾಗಿ ಬರುತ್ತವೆ. ಅದಕ್ಕೆ ನೆಟ್ ಬೇಕೇ ಬೇಕು. ಫಾಂಟ್ ಒಳಗೇ ಅಡಗಿಸಿದ ಪಿಡಿಎಫ್ ಪುಸ್ತಕಕ್ಕೆ ಮಾತ್ರ ಈ ತಾಪತ್ರಯವಿಲ್ಲ.

ಬಿಡುಗಡೆಯ ಬಳಿಕ ಜಗಳ ಶುರುವಾಯಿತು. ಮಳೆ, ಬೀಳುವಿಕೆ ತಡೆಯಬೇಕೆಂದು ಐಐಟಿ ರಾಜಸ್ಥಾನ ಕಠಿಣ ಪರೀಕ್ಷೆ ಕೇಳಿತು, ಅದು ಒಪ್ಪಂದದಲ್ಲಿ ಇರಲಿಲ್ಲ ಎಂದು ಕಂಪನಿ ವಾದಿಸಿತು. ಎರಡು ಸಾವಿರದ ಯಂತ್ರಕ್ಕೆ ಸೇನೆಯ ದರ್ಜೆಯ ಪರೀಕ್ಷೆ ಕೇಳುವುದು ಅತಿ. ಆದರೆ ಮಕ್ಕಳ ಬ್ಯಾಗಿನಲ್ಲಿ ಓಡಾಡುವ ವಸ್ತುವಿಗೆ ಯಾವ ಪರೀಕ್ಷೆ ಎಂಬುದನ್ನು ಟೆಂಡರಿನಲ್ಲೇ ಇತ್ಯರ್ಥ ಮಾಡದೆ ಇದ್ದದ್ದು ತಪ್ಪು. 2012ರಲ್ಲಿ ಯೋಜನೆ ಐಐಟಿ ಬಾಂಬೆಗೆ ಹೋಯಿತು.

ಆ ವರ್ಷದ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಬಿಡುಗಡೆ ಮಾಡಿದ ಆಕಾಶ್ 2, ಮೊದಲಿನ ದೂರುಗಳನ್ನು ಎದುರಿಗಿಟ್ಟುಕೊಂಡು ತಿದ್ದಿದಂತಿತ್ತು: ಕೆಪಾಸಿಟಿವ್ ಪರದೆ, 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ‍್ಯಾಮ್, ಮುಂಭಾಗದಲ್ಲಿ ಕ್ಯಾಮೆರಾ. ಸರ್ಕಾರಕ್ಕೆ ಬಿದ್ದದ್ದು 2,263 ರೂಪಾಯಿ, ಅಂದರೆ ಹಿಂದಿನದಕ್ಕಿಂತ ಹದಿಮೂರು ರೂಪಾಯಿ ಕಡಿಮೆ. ಒಂದು ವರ್ಷದಲ್ಲಿ ಬಿಡಿಭಾಗಗಳ ಬೆಲೆ ಅಷ್ಟು ಕುಸಿದಿತ್ತು. ಈ ಸಲದ ಆಕ್ಷೇಪ ಬೇರೆಯೇ: ಇದು ಚೀನಾದ್ದಲ್ಲವೇ? ಮೊದಲ 10,000 ಯಂತ್ರಗಳ ಮದರ್‌ಬೋರ್ಡ್ ಮತ್ತು ಕಿಟ್ ಚೀನಾದಲ್ಲಿ ತಯಾರಾದವು, ಅಂತಿಮ ಜೋಡಣೆ ಮತ್ತು ಪ್ರೋಗ್ರಾಮಿಂಗ್ ಭಾರತದಲ್ಲಿ ಆಯಿತು ಎಂದು ಕಂಪನಿ ಒಪ್ಪಿಕೊಂಡಿತು. ಆಗಿನ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಚೀನಾದ ಬಿಡಿಭಾಗವಿಲ್ಲದ್ದನ್ನು ಹುಡುಕಿ ತೆಗೆಯುವುದೇ ಕಷ್ಟವಿತ್ತು, ಆದರೆ ‘ಸ್ವದೇಶಿ’ ಎಂದು ಡಂಗುರ ಸಾರಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ.

ಆಕಾಶ್ 2 ನಡೆಯುತ್ತಿದ್ದದ್ದು ಆಂಡ್ರಾಯ್ಡ್ 4.0ರಲ್ಲಿ. ಕನ್ನಡ, ತೆಲುಗು, ಮಲಯಾಳಂ ಬೆಂಬಲ ಬಂದದ್ದು ಮುಂದಿನ 4.1ಕ್ಕೆ, ಅದು ಬಿಡುಗಡೆಯಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಯೋಜನೆಯನ್ನು 2015ರ ಮಾರ್ಚ್‌ನಲ್ಲಿ ಮುಚ್ಚಲಾಯಿತು.